ಬಿಸಿ ಎಂಜಿನ್ ನೋಡಿ ಯೆಜ್ಡಿ ಕೊಳ್ಳಬಹುದಾ?

ಪ್ರಶ್ನೆ: ನಾನು ಗದಗ-ಬೆಟಗೇರಿಯವನು, ವಯಸ್ಸು 29. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಯೆಜ್ಡಿ ಬೈಕ್ ಇತ್ತು. ಅಕ್ಕನ ಮದುವೆ ಹೊತ್ತಿಗೆ ಮಾರಿದರು. ಅಪ್ಪ ಈಗಲೂ ಅದರ ಮಾತು ತೆಗೆಯುತ್ತಾರೆ. ಹಾವೇರಿ ಹತ್ತಿರದ ಹಳ್ಳಿಯೊಂದರಲ್ಲಿ 1984ರ ಯೆಜ್ಡಿ ರೋಡ್‌ಕಿಂಗ್ ಮಾರಾಟಕ್ಕಿದೆ, 90 ಸಾವಿರ ಹೇಳುತ್ತಿದ್ದಾರೆ. ಎಂಟು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿತ್ತಂತೆ, ಈಗ ಹೊಸ ಪೇಂಟ್ ಮಾಡಿಸಿದ್ದಾರೆ. ನಾನು ಹೋದಾಗ ಒಂದೇ ಕಿಕ್‌ಗೆ ಚಾಲೂ ಆಯಿತು, ಆದರೆ ಎಂಜಿನ್ ಆಗಲೇ ಬಿಸಿ ಇತ್ತು. ಬಿಳಿ ಹೊಗೆ ಬಹಳ. "ಟೂ ಸ್ಟ್ರೋಕ್ ಅಂದ್ಮ್ಯಾಲ ಹೊಗಿ ಬರೂದರೀ" ಅಂದರು. ಆರ್‌ಸಿ ತೀರಿಕೊಂಡ ಅವರ ತಂದೆಯ ಹೆಸರಲ್ಲಿದೆ. ವಿಂಟೇಜ್ ಗಾಡಿಗೆ ಪೇಪರ್ ಯಾರೂ ಕೇಳೋದಿಲ್ಲ ಅನ್ನುತ್ತಾರೆ. ಸ್ಪೇರ್ ಸಿಗೋದಿಲ್ಲ ಅಂತ ಒಬ್ಬ ಗೆಳೆಯ ಹೆದರಿಸುತ್ತಾನೆ. ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್‌ಗೆ ಏನೂ ಆಗಲ್ಲ ಅಂತ ಇನ್ನೊಬ್ಬ ಹೇಳುತ್ತಾನೆ. ಕೊಳ್ಳಬಹುದಾ? ಕೊಂಡರೆ ಮೊದಲು ಏನು ಮಾಡಿಸಬೇಕು? ದಿನಾ ಕೆಲಸಕ್ಕೆ ಓಡಿಸುವ ಆಸೆ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು "ಎಂಜಿನ್ ಆಗಲೇ ಬಿಸಿ ಇತ್ತು" ಎಂಬ ಮಾತು. ಹುಬ್ಬಳ್ಳಿಯಲ್ಲಿ 30 ವರ್ಷದಿಂದ ಟೂ ಸ್ಟ್ರೋಕ್ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನೋಡಲು ಬರುವವರಿಗಾಗಿ ಮೊದಲೇ ಬಿಸಿ ಮಾಡಿಟ್ಟ ಗಾಡಿ ತನ್ನ ಅರ್ಧ ಕಥೆ ಮುಚ್ಚಿಡುತ್ತದೆ. ಮಾರುವವರು ಬೇಕೆಂದೇ ಹಾಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಮನೆಗೆ ಗಿರಾಕಿ ಬರುತ್ತಾರೆ ಅಂದಾಗ ಒಮ್ಮೆ ಚಾಲೂ ಮಾಡಿ ನೋಡುವುದು ಸಹಜ. ಆದರೆ ನೀವು ಇನ್ನೊಮ್ಮೆ ಹೋಗಲೇಬೇಕು, ಬೆಳಿಗ್ಗೆ ಹೋಗಬೇಕು, ಎಂಜಿನ್ ಮುಟ್ಟಿದರೆ ತಣ್ಣಗಿರಬೇಕು. "ರಾತ್ರಿಯಿಂದ ಚಾಲೂ ಮಾಡಬ್ಯಾಡ್ರಿ, ನಾನ ಬಂದು ಕಿಕ್ ಹೊಡಿತೀನಿ" ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಇದಕ್ಕೆ ಒಪ್ಪದವರ ಗಾಡಿ ಬೇಡ.

ಮೊದಲು ಹೊಗೆ ವಿಷಯ ಮಾತಾಡೋಣ. ನಿಮಗೆ ಖರ್ಚು ತರುವುದು ಅದೇ.

ಟೂ ಸ್ಟ್ರೋಕ್ ಗಾಡಿ ಹೊಗೆ ಬಿಡುತ್ತದೆ, ಅದು ಸುಳ್ಳಲ್ಲ. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತದೆ. ತಣ್ಣಗಿದ್ದಾಗ ಚಾಲೂ ಮಾಡಿದರೆ ತಿಳಿ ನೀಲಿ ಹೊಗೆ ಬರುತ್ತದೆ. ನಾಲ್ಕೈದು ಕಿಲೋಮೀಟರ್ ಓಡಿ ಎಂಜಿನ್ ಬಿಸಿಯಾದ ಮೇಲೆ ಅದು ಬಹಳಷ್ಟು ಕಡಿಮೆ ಆಗಬೇಕು. ನಿಮ್ಮ ಗಾಡಿ ಬಿಸಿ ಇದ್ದಾಗಲೂ ದಟ್ಟ ಬಿಳಿ ಹೊಗೆ ಬಿಟ್ಟಿದೆ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಯಾರೋ ಟ್ಯಾಂಕಿಗೆ ಕೈಗೆ ಬಂದಷ್ಟು ಆಯಿಲ್ ಸುರಿದಿದ್ದಾರೆ. ಇನ್ನೊಂದು, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎಡಗಡೆಯ ಆಯಿಲ್ ಸೀಲ್ ಹೋಗಿದೆ. ಎಂಟು ವರ್ಷ ನಿಂತ ಗಾಡಿ ಅಂದಾಗ ನನ್ನ ಅನುಮಾನ ಸೀಲ್ ಮೇಲೆಯೇ.

ಇದು ಯಾಕೆ ಹೀಗೆ ಅಂತ ಗೊತ್ತಿದ್ದರೆ ನಿಮ್ಮನ್ನು ಯಾರೂ ಯಾಮಾರಿಸಲಾರರು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸೇ ಪಂಪ್ ಇದ್ದ ಹಾಗೆ. ಪಿಸ್ಟನ್ ಮೇಲೆ ಹೋದಾಗ ಅದು ಕಾರ್ಬೊರೇಟರ್‌ನಿಂದ ಪೆಟ್ರೋಲ್ ಮತ್ತು ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಕ್ರ್ಯಾಂಕ್‌ಕೇಸ್‌ಗೆ ಬೇರೆ ಎಲ್ಲಿಂದಲೂ ಗಾಳಿ ಹೋಗಬಾರದು. ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರ್ ಸೀಲ್ ಇರುವುದು ಇದಕ್ಕೆ. ಯೆಜ್ಡಿಯಲ್ಲಿ ಎಡಗಡೆ ಕ್ಲಚ್ ಮತ್ತು ಕ್ರ್ಯಾಂಕಿನಿಂದ ಕ್ಲಚ್ ತಿರುಗಿಸುವ ಪ್ರೈಮರಿ ಚೈನ್ ಇವೆ, ಅವು ಗೇರ್ ಆಯಿಲ್‌ನಲ್ಲಿ ಮುಳುಗಿ ಓಡುತ್ತವೆ. ಎಡ ಸೀಲ್ ಹೋದರೆ ಎಂಜಿನ್ ಆ ಗೇರ್ ಆಯಿಲ್ ಅನ್ನು ಒಳಗೆಳೆದು ಸುಡುತ್ತದೆ. ದಟ್ಟ ಬಿಳಿ ಹೊಗೆ ಬರುತ್ತದೆ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ, ಗೇರ್ ಆಯಿಲ್ ಹಾಕಿದಷ್ಟೂ ಕಡಿಮೆ ಆಗುತ್ತದೆ. ಆಯಿಲ್ ಮುಗಿದದ್ದು ಗೊತ್ತಾಗದೆ ಓಡಿಸಿದರೆ ಕ್ಲಚ್, ಗೇರ್ ಎಲ್ಲ ಹಾಳು.

ಬಲ ಸೀಲ್ ಹೋದರೆ ಇನ್ನೂ ಕೆಟ್ಟದ್ದು, ಯಾಕಂದ್ರೆ ಹೊಗೆ ಬರುವುದೇ ಇಲ್ಲ. ಆ ಕಡೆ ಆಯಿಲ್ ಇಲ್ಲ, ಕರೆಂಟ್ ಹುಟ್ಟಿಸುವ ಡೈನಮೋ ಮತ್ತು ಪ್ಲಗ್ಗಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಪಾಯಿಂಟ್ ಇವೆ. ಸೀಲ್ ಸಂದಿಯಿಂದ ಬರೀ ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆಗಿ ಎಂಜಿನ್ ಸುಡುವ ಬಿಸಿ ಏರುತ್ತದೆ. ಆಕ್ಸಿಲೇಟರ್ ಬಿಟ್ಟರೂ ರೇಸ್ ತಕ್ಷಣ ಇಳಿಯುವುದಿಲ್ಲ. ಕೆಲ ವರ್ಷದ ಹಿಂದೆ ಒಬ್ಬ ಹುಡುಗ ನಿಮ್ಮ ಹಾಗೇ ಹೊಸ ಪೇಂಟಿನ ಯೆಜ್ಡಿ ಕೊಂಡು ಹುಬ್ಬಳ್ಳಿಯಿಂದ ಗದಗಿಗೆ ಹೊರಟಿದ್ದ. ಅಣ್ಣಿಗೇರಿ ದಾಟಿದ ಮೇಲೆ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಜಾಮ್ ಆಯಿತು. ಕ್ಲಚ್ ಹಿಡಿಯುವುದು ಹೊಳೆದಿದ್ದರಿಂದ ಬೀಳದೆ ಉಳಿದ. ಎಂಜಿನ್ ನನ್ನ ಹತ್ತಿರ ಬಂತು. ಬಲ ಸೀಲ್ ತೆಗೆದು ಬೆರಳಲ್ಲಿ ಮಡಚಿದೆ. ರಬ್ಬರ್ ಬಾಗಬೇಕಿತ್ತು, ಅದು ಹಳೆ ಬಳೆ ಮುರಿದ ಹಾಗೆ ಚಟ್ ಅಂತ ಎರಡಾಯಿತು. ಸಿಲಿಂಡರ್ ಒಳಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಉದ್ದುದ್ದ ಗೀರಾಗಿ ಅಂಟಿತ್ತು. ಅವನ ಗಾಡಿಯೂ ಮಾರುವಾಗ ಒಂದೇ ಕಿಕ್‌ಗೆ ಚಾಲೂ ಆಗಿತ್ತು.

ನಿಮ್ಮ ಗಾಡಿಯ ಎರಡೂ ಸೀಲ್‌ಗಳ ವಯಸ್ಸು ಬಹುಶಃ ಒಂದೇ. ಎಡಗಡೆಯದು ಹೊಗೆ ಬಿಟ್ಟು ಹೇಳುತ್ತಿದೆ ಅಂದರೆ ಬಲಗಡೆಯದೂ ಅದೇ ದಾರಿಯಲ್ಲಿದೆ ಅಂತಲೇ ಇಟ್ಟುಕೊಳ್ಳಿ.

ಈಗ ಆಯಿಲ್ ಜಾಸ್ತಿ ಹಾಕುವ ಮಾತು. ಹಳೆಯ ಲೆಕ್ಕ 25ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ 2ಟಿ ಆಯಿಲ್. ಅದಕ್ಕಿಂತ ಜಾಸ್ತಿ ಸುರಿದರೆ ಪ್ಲಗ್ ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟುತ್ತದೆ, ಸೈಲೆನ್ಸರ್ ಒಳಗೆ ಕಾರ್ಬನ್ ತುಂಬುತ್ತದೆ. ಅದೂ ಅಲ್ಲದೆ ಆಯಿಲ್ ಜಾಸ್ತಿ ಆದಷ್ಟೂ ಅದೇ ಅಳತೆಯಲ್ಲಿ ಪೆಟ್ರೋಲ್ ಕಡಿಮೆ ಆಯಿತು ಅಲ್ವಾ? ಸೀಲ್ ಸಂದಿಯಿಂದ ಗಾಳಿ ಎಳೆಯುವ ಎಂಜಿನ್ ಅನ್ನು ಎಷ್ಟು ಆಯಿಲ್ ಹಾಕಿದರೂ ಉಳಿಸಲಾಗದು.

ಇನ್ನು ತಣ್ಣನೆ ಎಂಜಿನ್ ಮುಂದೆ ನಿಂತು ಏನು ನೋಡಬೇಕು ಅಂತ ಹೇಳುತ್ತೇನೆ. ಜೊತೆಗೆ ಒಂದು ಪ್ಲಗ್ ಪಾನಾ, ಒಂದು ಸಣ್ಣ ಆಯಸ್ಕಾಂತ, ಹಳೆ ಬಟ್ಟೆ, ಪೆನ್ಸಿಲ್, ತೆಳು ಹಾಳೆ ಇರಲಿ. ಬೆಳಕಿಗೆ ಮೊಬೈಲ್ ಸಾಕು.

ಚಾಲೂ ಮಾಡುವ ಮೊದಲೇ ಗೇರ್ ಆಯಿಲ್ ಮುಚ್ಚಳ ತೆಗೆಸಿ ಮಟ್ಟ ನೋಡಿ. ಬೆರಳಿಗೆ ಹಚ್ಚಿಕೊಂಡು ಮೂಸಿ. ಬೆಲ್ಲದ ನೀರಿನ ಹಾಗೆ ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಸೀಲ್ ದಾಟಿ ಪೆಟ್ರೋಲ್ ಈ ಕಡೆ ಬಂದಿದೆ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಆಯಿಲ್ ಬಹಳ ಕೆಳಗಿದ್ದರೆ ಅದು ಎಲ್ಲಿ ಹೋಯಿತು ಅಂತ ನಿಮಗೆ ಈಗ ಗೊತ್ತು. ಆಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಪುಡಿ ಬಣ್ಣದ್ದಾದರೆ ಒಳ್ಳೆಯದು. ಕಪ್ಪಗೆ ಒದ್ದೆ ಇದ್ದರೆ ಆಯಿಲ್ ಜಾಸ್ತಿ ಸುಡುತ್ತಿದೆ. ಬೂದಿಯಂತೆ ಬಿಳುಚಿದ್ದರೆ ಎಂಜಿನ್ ಗಾಳಿ ಕುಡಿಯುತ್ತಿದೆ.

ಪ್ಲಗ್ ಮತ್ತೆ ಹಾಕಿ, ಕಿಕ್ಕನ್ನು ಕೈಯಲ್ಲೇ ನಿಧಾನಕ್ಕೆ ಒತ್ತಿ. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ ಆಗುತ್ತದೆ, ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಬೇಕು. ಅಪ್ಪನಿಗೆ ಗೊತ್ತಿರುತ್ತದೆ. ಒಂದು ಹಂತದಲ್ಲಿ ಕೈಗೆ ಗಟ್ಟಿ ತಡೆ ಸಿಗಬೇಕು, ಅದು ಕಂಪ್ರೆಷನ್. ಮೆತ್ತಗೆ ಜಾರಿ ಹೋದರೆ ಬೋರ್ ಕೆಲಸ ಇದೆ, ಅಂದರೆ ಸವೆದ ಸಿಲಿಂಡರ್ ಒಳಗನ್ನು ಮತ್ತೆ ಕೊರೆಸಬೇಕು. ಲಿವರ್ ಮಧ್ಯದಲ್ಲಿ ಕಟಕಟ ಅಂತ ಸ್ಲಿಪ್ ಆದರೆ ಒಳಗಿನ ಕಿಕ್ ಹಲ್ಲು ಸವೆದಿದೆ.

ಚಾಲೂ ಆದ ಮೇಲೆ ಹಿಂದೆ ಹೋಗಿ ಎರಡೂ ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ದೂರ ಅಂಗೈ ಹಿಡಿಯಿರಿ. ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್ ಇರುವ ಗಾಡಿ ಇದು. ಎರಡರ ಹೊಡೆತವೂ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಕಡೆ ಸಪ್ಪಗಿದ್ದರೆ ಅಲ್ಲಿ ಕಾರ್ಬನ್ ಕಟ್ಟಿದೆ ಅಥವಾ ಇಲಿ ಗೂಡು ಮಾಡಿದೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಗಳ ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ತಂದಿಟ್ಟ ಶೇಂಗಾ ಸಿಪ್ಪೆಯನ್ನು ನಾನೇ ಮುಷ್ಟಿಗಟ್ಟಲೆ ತೆಗೆದಿದ್ದೇನೆ.

ಶಬ್ದ ಕೇಳುವುದಕ್ಕೆ ಸ್ವಲ್ಪ ಅನುಭವ ಬೇಕು. ತಣ್ಣಗಿದ್ದಾಗ ಸಣ್ಣಗೆ ಖಣಖಣ ಅಂದು ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ ಸ್ವಲ್ಪ ಸಡಿಲ ಇದೆ, ಗಾಬರಿ ಬೇಡ. ಲೋಡ್ ಬಿದ್ದಾಗ ಕೆಳಗಿನಿಂದ ಟಕ್ ಟಕ್ ಅಂತ ದಪ್ಪ ಶಬ್ದ ಬಂದರೆ ಅದು ಕನ್‌ರಾಡ್, ಪಿಸ್ಟನ್ ಅನ್ನು ಕ್ರ್ಯಾಂಕಿಗೆ ಜೋಡಿಸುವ ಕಡ್ಡಿ. ಗೊರಗೊರ ಅಂತ ಉರುಳಿದ ಹಾಗಿದ್ದರೆ ಕ್ರ್ಯಾಂಕ್ ಬೇರಿಂಗ್. ನಿಂತ ಗಾಡಿಯಲ್ಲಿ ತೇವ ಕೂತು ಬೇರಿಂಗ್ ಗೋಲಿಗಳಿಗೆ ತುಕ್ಕು ಹಿಡಿಯುವುದು ಮಾಮೂಲು. ಓಡಿಸುವಾಗ ಒಮ್ಮೆ ಕ್ಲಚ್ ಹಿಡಿಯದೆ ಗೇರ್ ಹಾಕಿ ನೋಡಿ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಒರಟಾಗಿ ಹಾರಿದರೆ ಅಥವಾ ಗೇರ್ ಕೂರದಿದ್ದರೆ ಕ್ಲಚ್ ಅಡ್ಜಸ್ಟ್‌ಮೆಂಟ್ ತಪ್ಪಿದೆ, ಇಲ್ಲವೇ ಪ್ಲೇಟು ಅಂಟಿವೆ.

ಹೊಸ ಪೇಂಟ್ ನೋಡಿ ಖುಷಿ ಪಡುವ ಮೊದಲು ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಮಡ್‌ಗಾರ್ಡ್, ಟ್ಯಾಂಕ್ ಮೇಲೆ ಆಡಿಸಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಕೆಳಗೆ ಪುಟ್ಟಿ ಇದೆ. ನಮ್ಮ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಅದು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡರೆ ತಿಂಗಳುಗಟ್ಟಲೆ ತೇವ ಬಿಡುವುದಿಲ್ಲ, ತಗಡು ಒಳಗಿನಿಂದ ತಿಂದುಹೋಗುತ್ತದೆ. ಕೊಟ್ಟಿಗೆಯ ಗಂಜಲದ ಗಾಳಿ ಕ್ರೋಮ್, ಸ್ಪೋಕ್, ವೈರಿಂಗ್ ಮೂರನ್ನೂ ಕೆಡಿಸುತ್ತದೆ. ಹೆಡ್‌ಲೈಟ್ ಬಿಚ್ಚಿಸಿ ಒಳಗಿನ ವೈರ್ ತುದಿ ಹಸಿರುಗಟ್ಟಿದೆಯಾ ನೋಡಿ. ಸ್ಪೋಕ್‌ಗಳನ್ನು ಪಾನಾದಿಂದ ಒಂದೊಂದಾಗಿ ಮೆಲ್ಲಗೆ ತಟ್ಟಿ, ಎಲ್ಲದರ ನಾದ ಹತ್ತಿರ ಹತ್ತಿರ ಇರಬೇಕು. ಟ್ಯಾಂಕ್ ಒಳಗೆ ಬೆಳಕು ಬಿಟ್ಟು ತುಕ್ಕು ನೋಡಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 1216 ಅಂದರೆ 2016ರ 12ನೇ ವಾರದ್ದು. ಅಂಥ ಟಯರ್ ಹೊಸದರಂತೆ ಕಂಡರೂ ಬದಲಿಸಿ.

ಬ್ಯಾಟರಿಯನ್ನು ಮರೆಯಬೇಡಿ. ಡೈನಮೋ ಇರುವ ಯೆಜ್ಡಿಗೆ ಕಿಡಿ ಹುಟ್ಟುವುದು ಬ್ಯಾಟರಿಯಿಂದ. ಚಾರ್ಜ್ ಮಾಡಿದ ಬ್ಯಾಟರಿ ಇಟ್ಟರೆ ಡೈನಮೋ ಸತ್ತಿದ್ದರೂ ಗಾಡಿ ಆ ದಿನ ಚಂದ ಓಡುತ್ತದೆ. ಮೀಟರ್ ಹಚ್ಚಿ ನೋಡಿಸಿ. 6 ವೋಲ್ಟ್ ಗಾಡಿಯಾದರೆ ರೇಸ್ ಕೊಟ್ಟಾಗ 7ರ ಆಸುಪಾಸಿಗೆ ಏರಬೇಕು.

ಪೇಪರ್ ಮಾತಿಗೆ ಬರೋಣ. "ವಿಂಟೇಜ್, ಯಾರೂ ಕೇಳೋದಿಲ್ಲ" ಅನ್ನುವುದು ಪೂರ್ತಿ ತಪ್ಪು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿ ಮಾತ್ರ ವಿಂಟೇಜ್. 1984ರದ್ದು ಅದರೊಳಗೆ ಬರುವುದಿಲ್ಲ. ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನೂ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಮ್ಮದು ಎಲ್ಲ ಗಾಡಿಯಂತೆ ಮಾಮೂಲಿ ಗಾಡಿ. 15 ವರ್ಷದ ನೋಂದಣಿ ಯಾವಾಗಲೋ ಮುಗಿದಿದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಿರಬೇಕು. ಎಂಟು ವರ್ಷ ನಿಂತಿತ್ತು ಅಂದರೆ ಬಹುಶಃ ಆಗಿಲ್ಲ. ಅದಕ್ಕೆ ಫಾರ್ಮ್ 25, ಗಾಡಿ ತಪಾಸಣೆ, ಹಸಿರು ತೆರಿಗೆ, ತಡವಾದದ್ದಕ್ಕೆ ದಂಡ, ಎಲ್ಲ ಇದೆ. ಹೊಗೆ ಪರೀಕ್ಷೆಯೂ ಆಗಬೇಕು. ಗೇರ್ ಆಯಿಲ್ ಸುಡುವ ಗಾಡಿ ಅಲ್ಲಿಯೂ ಸಿಕ್ಕಿಬೀಳುತ್ತದೆ.

ಮಾಲೀಕರು ತೀರಿಕೊಂಡಿದ್ದರೆ ಫಾರ್ಮ್ 31ರ ಮೂಲಕ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ ಬೇಕಾಗುತ್ತದೆ. ಆಮೇಲೆ ಫಾರ್ಮ್ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ತೀರಿಕೊಂಡವರ ಸಹಿಯನ್ನು ಯಾರೋ ಹಾಕಿಕೊಟ್ಟ ಫಾರ್ಮ್ ಸಿಕ್ಕರೆ ಮುಟ್ಟಬೇಡಿ. ಅದು ಫೋರ್ಜರಿ, ನಾಳೆ ಕಟಕಟೆಯಲ್ಲಿ ನಿಲ್ಲುವವರಲ್ಲಿ ನೀವೂ ಒಬ್ಬರಾಗುತ್ತೀರಿ. ಗಾಡಿ ಹಾವೇರಿಯದ್ದು, ಕೆಎ 27ರ ಕಚೇರಿಗೆ ಸೇರುತ್ತದೆ. ನೀವು ಗದಗಿನ ಕೆಎ 26ರವರು. ವಿಳಾಸ ಬದಲಾವಣೆಯೂ ಜೊತೆಗೇ ಮಾಡಿಸಿಕೊಳ್ಳಿ. ಕೆಎ ಬರುವ ಮುಂಚಿನ ಮೂರಕ್ಷರದ ನಂಬರ್ ಇರುವುದರಿಂದ ದಾಖಲೆ ಕಂಪ್ಯೂಟರ್‌ಗೆ ಏರಿದೆಯಾ ಅಂತ ಹಾವೇರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಏರಿಲ್ಲದಿದ್ದರೆ ಹಳೆ ರಿಜಿಸ್ಟರ್ ನೋಡಿ ಏರಿಸಬೇಕು, ಅದಕ್ಕೆ ಓಡಾಟ ಬಹಳ.

ಪೆನ್ಸಿಲ್, ಹಾಳೆ ಇದಕ್ಕೇ ಹೇಳಿದ್ದು. ಹ್ಯಾಂಡಲ್ ಕೆಳಗಿನ ಫ್ರೇಮ್ ಕೊಳವೆ ಮೇಲೆ ಚಾಸಿ ನಂಬರ್ ಇದೆ. ಅದರ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಎಂಜಿನ್ ನಂಬರಿಗೂ ಹಾಗೇ ಮಾಡಿ. ಎರಡೂ ಆರ್‌ಸಿ ಜೊತೆ ಅಕ್ಷರಶಃ ಹೊಂದಬೇಕು. ಅಂಕಿಗಳು ಏರುಪೇರಾಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ, ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಎಂಜಿನ್ ಕೆಟ್ಟಿದ್ದರೆ ನಾನು ಕಟ್ಟಿಕೊಡಬಲ್ಲೆ, ನಂಬರ್ ಕೆಟ್ಟಿದ್ದರೆ ಯಾರಿಂದಲೂ ಆಗುವುದಿಲ್ಲ.

ಸ್ಪೇರ್ ವಿಷಯದಲ್ಲಿ ನಿಮ್ಮ ಗೆಳೆಯ ಹೇಳಿದ್ದು ಅರ್ಧ ನಿಜ. ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಕಂಪನಿ ಸ್ಪೇರ್ ಈಗ ಅದೃಷ್ಟ ಇದ್ದವರಿಗೆ. 2022ರಲ್ಲಿ ಮತ್ತೆ ಬಂದ ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿ, ಅದರ ಒಂದು ಭಾಗವೂ ನಿಮ್ಮ ಎಂಜಿನ್‌ಗೆ ಕೂರದು. ಆದರೆ ಪಿಸ್ಟನ್, ರಿಂಗ್, ಸೀಲ್, ಕ್ಲಚ್ ಪ್ಲೇಟ್, ಪಾಯಿಂಟ್, ಕೇಬಲ್ ಎಲ್ಲವನ್ನೂ ಬೇರೆಯವರು ಮಾಡಿ ಮಾರುತ್ತಿದ್ದಾರೆ. ಗುಣಮಟ್ಟ ಮಾತ್ರ ಒಂದೇ ಥರ ಇಲ್ಲ. ನಾನು ಪಿಸ್ಟನ್ ಕೈಗೆ ಬಂದ ಮೇಲೆ ಅಳೆದು, ಅದರ ಅಳತೆಗೆ ಬೋರ್ ಮಾಡಿಸುತ್ತೇನೆ, ಡಬ್ಬಿ ಮೇಲಿನ ನಂಬರ್ ನಂಬುವುದಿಲ್ಲ. ಕಷ್ಟ ಆಗುವುದು ಮೂಲ ಟೂಲ್ ಬಾಕ್ಸ್, ಬ್ಯಾಡ್ಜ್, ಸೈಲೆನ್ಸರ್, ಮೀಟರ್ ಇಂಥವಕ್ಕೆ. ಅವು ಗಾಡಿಯಲ್ಲಿ ಇವೆಯಾ ಅಂತ ಎಣಿಸಿಕೊಳ್ಳಿ, ಬೆಲೆ ಕುಳಿತಿರುವುದು ಅವುಗಳಲ್ಲಿ. ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಹಳೆ ಜಾವಾ, ಯೆಜ್ಡಿ ಇರುವವರು ಊರೂರಲ್ಲಿ ಸೇರುತ್ತಾರೆ. ಒಂದು ಸಲ ಹೋಗಿ ನಿಂತರೆ ಯಾವ ಸ್ಪೇರ್ ಎಲ್ಲಿ ಅನ್ನುವುದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಹಾಗಾದರೆ ಕೊಳ್ಳಬೇಕಾ? ನಿಮ್ಮ ಜಾಗದಲ್ಲಿ ನಾನಿದ್ದರೆ 90 ಸಾವಿರಕ್ಕೆ ಹೀಗೇ ಕೊಳ್ಳುವುದಿಲ್ಲ. ಸೀಲ್ ಬದಲಿಸಲು ಕ್ಲಚ್, ಪ್ರೈಮರಿ ಚೈನ್ ಕಳಚಲೇಬೇಕು. ಅಷ್ಟು ಕಳಚಿದ ಮೇಲೆ ಬೇರಿಂಗ್, ಕನ್‌ರಾಡ್ ನೋಡದೆ ಮುಚ್ಚುವುದು ತಪ್ಪು. ಪೂರ್ತಿ ಎಂಜಿನ್ ಕೆಲಸ ಅಂದರೆ ನನ್ನ ಅಂದಾಜಿನಲ್ಲಿ 20 ಸಾವಿರದ ಮೇಲೆಯೇ ಹೋಗುತ್ತದೆ, ಟಯರ್, ವೈರಿಂಗ್ ಬೇರೆ. ಆ ಲೆಕ್ಕವನ್ನು ಮಾರುವವರ ಮುಂದೆ ಇಟ್ಟು ಬೆಲೆ ಇಳಿಸಲು ಕೇಳಿ. ಇಳಿಸಿದರೆ ಸಣ್ಣ ಮುಂಗಡ ಕೊಟ್ಟು, ಪೇಪರ್ ವಾರಸುದಾರರ ಹೆಸರಿಗೆ ಆದ ಮೇಲೆ ಉಳಿದದ್ದು ಕೊಡುತ್ತೇನೆ ಅಂತ ಬರೆಸಿಕೊಳ್ಳಿ. ಇದರಲ್ಲಿ ಕೆಲವು ತಿಂಗಳು ಕಾಯಬೇಕಾಗಬಹುದು, ನಡುವೆ ಬೇರೆಯವರು ಜಾಸ್ತಿ ಕೊಟ್ಟು ಒಯ್ಯಬಹುದು. ಒಯ್ಯಲಿ. ಪೇಪರ್ ಆಗದ ಗಾಡಿಗೆ ಎಂಜಿನ್ ಖರ್ಚು ಮಾಡಿ ಮನೆಯಲ್ಲಿ ನಿಲ್ಲಿಸಿಕೊಂಡವರ ಸಂಕಟ ನಾನು ಬಹಳ ನೋಡಿದ್ದೇನೆ.

ಕೊಂಡರೆ ಮನೆಗೆ ಓಡಿಸಿಕೊಂಡು ಬರಬೇಡಿ. ಟೆಂಪೋದಲ್ಲಿ ಹಾಕಿಸಿ ತನ್ನಿ. ಮೊದಲು ಬ್ರೇಕ್ ಲೈನರ್, ಕೇಬಲ್, ಟಯರ್, ಚಕ್ರದ ಬೇರಿಂಗ್, ಹ್ಯಾಂಡಲ್ ಕೋನ್ ಸೆಟ್. ಇವು ನಿಮ್ಮ ಜೀವ ಉಳಿಸುವ ಕೆಲಸ, ಎಂಜಿನ್ ಆಮೇಲೆ. ಎಂಜಿನ್‌ಗೆ ಎರಡೂ ಸೀಲ್, ಬೇರಿಂಗ್, ಬೇಕಿದ್ದರೆ ಬೋರ್. ಟ್ಯಾಂಕ್ ತೊಳೆಸಿ, ಪೆಟ್ರೋಲ್ ಪೈಪ್, ಕಾರ್ಬೊರೇಟರ್ ವಾಷರ್ ಹೊಸದು ಹಾಕಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಅದು ಹಳೆ ರಬ್ಬರ್ ತಿನ್ನುತ್ತದೆ, ನೀರು ಹೀರುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿ ಆಗಿ ತಾನೇ ಆಫ್ ಆಗುವವರೆಗೆ ಚಾಲೂ ಇಡಿ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇಡಿಸಿ. ಬೋರ್ ಮಾಡಿಸಿದರೆ ಮೊದಲ 500 ಕಿಲೋಮೀಟರ್ 40-50ರ ಮೇಲೆ ಹೋಗಬೇಡಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಆರಲು ಬಿಡಿ.

ದಿನಾ ಓಡಿಸಬಹುದು. ಚೆನ್ನಾಗಿ ಕಟ್ಟಿದ ಯೆಜ್ಡಿ ದಿನಾ ಓಡಿದರೇ ಆರೋಗ್ಯವಾಗಿರುತ್ತದೆ. ಆದರೆ ಮೊದಲ ಆರು ತಿಂಗಳು ಮನೆಯಲ್ಲಿ ಇನ್ನೊಂದು ಗಾಡಿ ಇರಲಿ, ಸಣ್ಣ ಪುಟ್ಟ ತೊಂದರೆ ಎಲ್ಲ ಆಗಲೇ ಹೊರಬರುವುದು. ಮುಂದೆ ಎಂದಾದರೂ ಅಂಕೋಲಾ ಕಡೆ ಹೊರಟರೆ ಅರಬೈಲ್ ಘಟ್ಟ ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಸುತ್ತಾ ಹೋಗಬೇಡಿ. ಆಕ್ಸಿಲೇಟರ್ ಬಿಟ್ಟರೆ ಪೆಟ್ರೋಲ್ ಬಹುತೇಕ ನಿಲ್ಲುತ್ತದೆ, ಅದರ ಜೊತೆ ಬರುವ ಆಯಿಲೂ ಬಹುತೇಕ ನಿಲ್ಲುತ್ತದೆ. ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಕೊಡಿ.

ಹಾವೇರಿಗೆ ಎರಡನೇ ಸಲ ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗಿ. ವರ್ಷಗಟ್ಟಲೆ ಯೆಜ್ಡಿ ಓಡಿಸಿದವರ ಕಿವಿಗೆ ಅದರ ಸರಿಯಾದ ಶಬ್ದ ಯಾವುದು ಅಂತ ನೆನಪಿರುತ್ತದೆ. ಕಿಕ್ ನೀವು ಹೊಡೆಯಿರಿ, ಅವರು ಎಂಜಿನ್ ಪಕ್ಕ ಕೂತು ಕೇಳಲಿ. ಗೇರ್ ಆಯಿಲ್ ಮಟ್ಟ, ಪ್ಲಗ್ಗಿನ ಬಣ್ಣ, ಎರಡೂ ನಂಬರಿನ ಪೆನ್ಸಿಲ್ ಅಚ್ಚು, ಇಷ್ಟರ ಫೋಟೋ ಕಳಿಸಿದರೆ ಮುಂದಿನದು ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.